ಹೆಜ್ಜಾರ್ಲೆ ಮನೆಯ ಕಿಟಕಿ

ಈಗ ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನ್ನ ಮೊಣಕಾಲಿನ ಆಣೆ. ಎಡಗಾಲಿನದು ಆಗಲೇ ಹೋಗಿದೆ, ಹಾಗಾಗಿ ಆಣೆಯನ್ನು ಬಲಗಾಲಿನದರ ಮೇಲೆ ಇಡುತ್ತಿದ್ದೇನೆ. ಸುಳ್ಳಾದರೆ ನಾಳೆಯಿಂದ ನನ್ನನ್ನು ಗೊಬ್ಬರದ ಕೈಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಬನ್ನಿ.

ನಗಬೇಡಿ. ವಿದೋಸಾವ, ನೀನಂತೂ ನಗಲೇಬೇಡ, ಕೈಯಲ್ಲಿ ಸೌಟಿದೆ, ಮೀನಿನ ಸಾರು ಚೆಲ್ಲುತ್ತದೆ.

"ನೀನು ಸುಳ್ಳು ಹೇಳ್ತೀನಿ ಅಂದ್ರೆ ನಂಗೇನೂ ಭಯ ಇಲ್ಲ ಕಣೇ. ನಿಜ ಹೇಳ್ತೀನಿ ಅಂದಾಗ್ಲೇ ಎದೆ ಧಸಕ್ ಅನ್ನೋದು," ಅನ್ನುತ್ತಾಳೆ ವಿದೋಸಾವ. ಇಪ್ಪತ್ತು ವರ್ಷದಿಂದ ಈ ಮೃಗಾಲಯದ ಪ್ರಾಣಿಗಳಿಗೆಲ್ಲ ಮೇವು, ಮಾಂಸ, ಮೀನು ತೂಗಿ ಹಾಕುವವಳು ಅವಳೇ. ಇವತ್ತು ನಮಗೂ ತೂಗಿಯೇ ಬಡಿಸುತ್ತಿದ್ದಾಳೆ. ತೋಳದ ತಟ್ಟೆ ನನ್ನದಕ್ಕಿಂತ ತುಂಬಿರುತ್ತದೆ.

ಇವತ್ತು ಗ್ವೋಜ್ದೆನ್ ಅಣ್ಣನ ಕೊನೆಯ ದಿನ. ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ಇವತ್ತು ನಿವೃತ್ತಿ. ನೋಡಿ, ಅಲ್ಲಿ ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದಾರೆ. ಬೆನ್ನಿಗೆ ಗಾಳಿ ತಾಗುತ್ತದೆಂದು ಈಗ ತಾನೇ ನಾನು ಎದ್ದು ಹೋಗಿ ಆ ಕಿಟಕಿ ಮುಚ್ಚಿ ಬಂದೆ. ನಮ್ಮ ಹೆಜ್ಜಾರ್ಲೆ ಹಕ್ಕಿ ಅಂಚೆಯಣ್ಣನ ಕಥೆ ಹೇಳು ಎಂದು ಎಲ್ಲರೂ ಕೇಳಿದಿರಿ. ಟಿಕೆಟ್ ಕೌಂಟರಿನ ಹೊಸಬರು ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಹತ್ತು ಸಲ ಕೇಳಿದ ಕಥೆ ಇದು. ಆದರೆ ಏಳು ವರ್ಷದಿಂದ ನಾನು ಅದರಲ್ಲಿ ಒಂದು ಕಿಟಕಿಯನ್ನು ಬಿಟ್ಟು ಹೇಳುತ್ತಾ ಬಂದಿದ್ದೇನೆ. ಇವತ್ತು ಸೇರಿಸಿ ಹೇಳುತ್ತೇನೆ. ನಾಳೆಯಿಂದ ಗ್ವೋಜ್ದೆನ್ ಅಣ್ಣ ಇಲ್ಲಿರುವುದಿಲ್ಲ, ಮತ್ತು ಅದನ್ನು ಕೇಳಬೇಕಾದವರು ಅವರೊಬ್ಬರೇ.

ಮೊದಲಿನಿಂದ ಹೇಳುತ್ತೇನೆ. ನಾನು ಹತ್ತೊಂಬತ್ತು ವರ್ಷ ಪೇಟೆಯ ಪಶು ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಪಶು ಎನ್ನುವುದು ಬೋರ್ಡಿನಲ್ಲಿತ್ತು ಅಷ್ಟೆ. ಬರುತ್ತಿದ್ದದ್ದು ನಾಯಿ, ಬೆಕ್ಕು, ಮತ್ತು ಅವುಗಳಿಗಿಂತ ಹೆಚ್ಚು ಕಾಯಿಲೆಯಿದ್ದ ಅವುಗಳ ಯಜಮಾನತಿಯರು. ಒಂದು ನಾಯಿಯ ಉಗುರು ಕತ್ತರಿಸುವಾಗ ನಾಯಿ ಸುಮ್ಮನೆ ಮಲಗಿತ್ತು, ಯಜಮಾನತಿಗೆ ಗ್ಲೂಕೋಸ್ ಹಾಕಬೇಕಾಯಿತು. ಇದೆಲ್ಲ ಸಾಕಾಗಿ ನಲವತ್ತೊಂದನೇ ವಯಸ್ಸಿಗೆ ಇಲ್ಲಿಗೆ ಅರ್ಜಿ ಹಾಕಿದೆ. ಸಿಂಹಕ್ಕೆ ಇಂಜೆಕ್ಷನ್ ಕೊಡುವ ಕೈ ಇದು ಎಂದು ನನ್ನ ಕೈಯನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ಕೊಟ್ಟದ್ದು ಹಕ್ಕಿಗಳನ್ನು. ಹಕ್ಕಿ ಮನೆಗೆ ಆಗ ಗ್ವೋಜ್ದೆನ್ ಅಣ್ಣನೇ ಯಜಮಾನ. ಮೊದಲ ದಿನ ಹೆಜ್ಜಾರ್ಲೆಯ ಬೇಲಿಯ ಹೊರಗೆ ನನ್ನನ್ನು ನಿಲ್ಲಿಸಿ, "ನೋಡ್ತಾ ಇರು ತಂಗಿ," ಎಂದು ಹೇಳಿ ಹೋದವರು ಎರಡು ಗಂಟೆ ಬಿಟ್ಟು ಬಂದರು.

"ಏನ್ ನೋಡ್ದೆ?"

"ಚೆನ್ನಾಗಿದೆ ಅಣ್ಣ. ಆರೋಗ್ಯವಾಗಿದೆ."

"ಆರೋಗ್ಯವಾಗಿದೀನಿ ಅಂತ ಅದು ತೋರಿಸ್ತು. ಅದರ ಕೆಲಸ ಅದು. ನೀನು ಏನ್ ನೋಡ್ದೆ?"

ಆಸ್ಪತ್ರೆಯಲ್ಲಿ ನಾಯಿ ಕುಂಯ್ ಅನ್ನುತ್ತದೆ, ಯಜಮಾನತಿ ಅಳುತ್ತಾಳೆ, ನಾವು ಎದೆಗೆ ಸ್ಟೆತಸ್ಕೋಪ್ ಇಡುತ್ತೇವೆ. ಇಲ್ಲಿ ಹಾಗಲ್ಲ. ಕಾಡಿನ ಪ್ರಾಣಿ ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ನಿತ್ರಾಣವಾಗಿದ್ದೇನೆಂದು ಗೊತ್ತಾದರೆ ಯಾರಾದರೂ ತಿಂದಾರು ಎಂದು, ಸಾಯುವ ಹಿಂದಿನ ದಿನವೂ ನೆಟ್ಟಗೆ ನಿಂತು ಮೀನು ನುಂಗುತ್ತದೆ. ಮುಟ್ಟಬಾರದು, ಮುದ್ದು ಮಾಡಬಾರದು, ದೂರ ನಿಂತು ಕಣ್ಣಿನಿಂದಲೇ ನಾಡಿ ಹಿಡಿಯಬೇಕು. ಇದನ್ನು ಕಲಿಯುವ ಮೊದಲು ನಾನು ತೋಳದ ಬೋನಿನ ಮುಂದೆ ನಿಂತು, "ಯಾರದು? ಯಾರದು ನನ್ನ ಬಂಗಾರ?" ಎಂದು ಮುದ್ದುಗರೆದಿದ್ದೆ. ಪಾಪ, ಆ ತೋಳ ಅವಮಾನದಿಂದ ಗೋಡೆಗೆ ಮುಖ ಮಾಡಿ ಕೂತಿತು. ಇವತ್ತಿಗೂ ನನ್ನನ್ನು ಕಂಡರೆ ಕಣ್ಣು ತಪ್ಪಿಸುತ್ತದೆ. ಬೇಕಾದರೆ ಊಟವಾದ ಮೇಲೆ ಹೋಗಿ ನೋಡಿ.

ಇನ್ನು ಅಂಚೆಯಣ್ಣ. ಆ ಹೆಜ್ಜಾರ್ಲೆಗೆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಕೊಕ್ಕಿನ ಕೆಳಗೆ ಆ ಚೀಲ ನೇತಾಡಿಸಿಕೊಂಡು ಬೆಳಿಗ್ಗೆ ಎಲ್ಲರ ಬಾಗಿಲಿಗೂ ಒಮ್ಮೆ ಹೋಗಿ ಬರುತ್ತಿತ್ತು. ನಗರಸಭೆಯ ಇನ್ಸ್‌ಪೆಕ್ಟರರ ಮೊಬೈಲನ್ನು ನುಂಗಿದ್ದು ಅದೇ. ನುಂಗಿ ಐದು ನಿಮಿಷಕ್ಕೆ ಫೋನ್ ಬಂತು. ಅಂಚೆಯಣ್ಣ ಮರ್ಯಾದೆಯಿಂದ ಬಾಯಿ ತೆರೆದು ನಿಂತಿತು, ಇನ್ಸ್‌ಪೆಕ್ಟರರು ತಲೆ ಒಳಗೆ ಹಾಕಿ ಮಾತಾಡಿದರು. ಅವರ ಹೆಂಡತಿ ಬೈಯುವುದು ಹೊರಗೆ ನಿಂತ ನಮಗೆಲ್ಲ ಕೇಳುತ್ತಿತ್ತು. "ಎಲ್ಲಿದ್ದೀರಿ, ಯಾಕೆ ದನಿ ಗುಂಯ್ ಅಂತಿದೆ?" ಎಂದು ಆಕೆ ಕೇಳಿದರೆ, ಇವರು "ಮೀಟಿಂಗಲ್ಲಿದೀನಿ" ಅಂದರು.

"ಹೋದ ಸಲ ಹೇಳುವಾಗ ಅತ್ತೆ ಬೈದಿದ್ರು," ಅನ್ನುತ್ತಾಳೆ ವಿದೋಸಾವ.

ಅತ್ತೆಯೂ ಬೈದರು. ಎರಡು ಕಾಲ್ ಬಂದಿತ್ತು.

ನಗುತ್ತಿದ್ದೀರಿ. ಗ್ವೋಜ್ದೆನ್ ಅಣ್ಣನೂ ನಗುತ್ತಿದ್ದಾರೆ. ಅವರು ಇದನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದ್ದಾರೆ, ಪ್ರತಿಸಲವೂ ಇಲ್ಲಿಯೇ ನಗುತ್ತಾರೆ. ಅದಕ್ಕೇ ನನಗೆ ಮುಂದೆ ಹೇಳುವುದು ಕಷ್ಟ.

ಚಳಿಗಾಲ ಬಂತು. ತಿಸಾ ನದಿಯ ದಡದಲ್ಲಿ ಮಂಜು ಕಟ್ಟಿತು, ಅಂಚೆಯಣ್ಣನನ್ನು ಚಳಿಗಾಲದ ಮನೆಗೆ ಸೇರಿಸಿದೆವು. ಇಟ್ಟಿಗೆ ಗೋಡೆ, ನೆಲಕ್ಕೆ ಹುಲ್ಲು, ಮಧ್ಯೆ ಸಣ್ಣ ನೀರಿನ ತೊಟ್ಟಿ. ಮೇಲೆ ಒಂದು ಕಿಟಕಿ, ಕೋಲಿನಿಂದ ಕೊಕ್ಕೆ ಎಳೆದು ತೆರೆಯುವಂಥದ್ದು. ಎದುರು ಗೋಡೆಯ ಬುಡದಲ್ಲಿ ಗಾಳಿಯಾಡಲು ಒಂದು ಜಾಲರಿ. ಕಿಟಕಿ ಗೇಣುದ್ದ ತೆರೆದಿರಬೇಕು, ಎಂಥ ಚಳಿಯಿದ್ದರೂ ಮುಚ್ಚಕೂಡದು. ಅದು ಅಣ್ಣನ ಕಟ್ಟಪ್ಪಣೆ.

ಮೇಲೊಂದು ತೂತು, ಎದುರಿಗೆ ಕೆಳಗೊಂದು ತೂತು. ನಡುವೆ ಹಕ್ಕಿ. ಹೀಗೆ ಎದುರುಬದುರು ತೂತಿನ ನಡುವೆ ನುಗ್ಗುವ ಅಡ್ಡಗಾಳಿ ಜೀವ ತೆಗೆಯುತ್ತದೆಂದು ನಮ್ಮವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮಜ್ಜ ಎರಡು ಯುದ್ಧ ಮುಗಿಸಿ, ಒಂದು ಗುಂಡನ್ನು ಭುಜದಲ್ಲೇ ಇಟ್ಟುಕೊಂಡು ತೊಂಬತ್ತರವರೆಗೆ ಬದುಕಿದರು. ಅವರು ಹೋದದ್ದು ಬಸ್ಸಿನಲ್ಲಿ ಯಾರೋ ಎರಡೂ ಕಡೆಯ ಕಿಟಕಿ ಒಟ್ಟಿಗೆ ತೆರೆದದ್ದರಿಂದ. ಅಜ್ಜಿ ಸಾಯುವವರೆಗೂ ಆ ಬಸ್ಸಿನ ನಂಬರ್ ಹೇಳಿ ಶಾಪ ಹಾಕುತ್ತಿದ್ದರು. ನನ್ನ ಇಬ್ಬರು ಮಕ್ಕಳನ್ನು ನಾನು ಬೆಳೆಸಿದ್ದೇ ಕಿಟಕಿ ತೆರೆದರೆ ಬಾಗಿಲು ಮುಚ್ಚುತ್ತಾ, ಬಾಗಿಲು ತೆರೆದರೆ ಕಿಟಕಿ ಮುಚ್ಚುತ್ತಾ. ಆಸ್ಪತ್ರೆಯಲ್ಲೂ ಹಾಗೆಯೇ. ಆಪರೇಷನ್ ಆದ ನಾಯಿಯ ಬುಟ್ಟಿಯನ್ನು ಗಾಳಿ ತಾಗದ ಮೂಲೆಗೆ ಇಡುವುದು ನರ್ಸಿನ ಮೊದಲ ಕೆಲಸ.

"ಅಣ್ಣ, ಹೊರಗೆ ಮೈನಸ್ ಎಂಟು," ಅಂದೆ.

"ಇರ್ಲಿ."

"ಹಕ್ಕಿ ಬೆನ್ನಿಗೆ ನೆಟ್ಟಗೆ ಗಾಳಿ ಬಡೀತಿದೆ."

"ಅದಕ್ಕೆ ಪುಕ್ಕ ಇದೆ. ನಿಂಗಿಲ್ಲ, ನೀನು ಸ್ವೆಟರ್ ಹಾಕ್ಕೊ."

"ಮುಚ್ಚಿದ್ರೆ ಏನಾಗತ್ತೆ?"

"ಒಳಗಿನ ಗಾಳಿ ಹಳಸತ್ತೆ. ಮನೇಲಿ ಬೇಕಾದ್ರೆ ಕಿಟಕಿ ಮುಚ್ಕೊ ತಂಗಿ, ನಾನೂ ಮುಚ್ಕೋತೀನಿ. ನಮ್ಮ ಮನೆಯವಳು ಬೀಗದ ತೂತಿಗೂ ಹತ್ತಿ ತುರುಕ್ತಾಳೆ. ಹಕ್ಕಿ ಮನೇಲಿ ಬೇಡ."

ಹೂಂ ಅಂದೆ. ಅಣ್ಣ ಮೂರು ಗಂಟೆಯ ಬಸ್ಸಿಗೆ ಹೋಗುತ್ತಿದ್ದರು, ನಾನು ಐದಕ್ಕೆ. ಬೆಳಿಗ್ಗೆ ನಾನು ಆರೂವರೆಗೆ ಬರುತ್ತಿದ್ದೆ, ಅವರು ಏಳಕ್ಕೆ. ಗೊತ್ತಾಯಿತಲ್ಲ? ಪ್ರತಿದಿನ ಐದು ಗಂಟೆಗೆ ಕೋಲೆತ್ತಿ ಕಿಟಕಿ ಮುಚ್ಚಿ ಮನೆಗೆ ಹೋದೆ. ಪ್ರತಿದಿನ ಬೆಳಿಗ್ಗೆ ಅವರು ಬರುವ ಮೊದಲು ತೆರೆದಿಟ್ಟೆ. ಒಂದು ತಿಂಗಳು. ಕೆಟ್ಟ ಕೆಲಸ ಮಾಡುತ್ತಿದ್ದೇನೆ ಎಂದು ಒಂದು ದಿನವೂ ಅನ್ನಿಸಲಿಲ್ಲ. ಬಸ್ಸಿನಲ್ಲಿ ಕೂತು, ಈ ಗಂಡಸರಿಗೆ ಹೃದಯವಿಲ್ಲ, ಸದ್ಯ ನಾನಿದ್ದೇನೆ ಎಂದುಕೊಳ್ಳುತ್ತಿದ್ದೆ.

ವಿದೋಸಾವ, ಸೌಟು ಕೆಳಗಿಡು. ಹಾಗೆ ನೋಡಬೇಡ.

ಒಳಗೆ ಹುಲ್ಲು ತೇವವಾಗುತ್ತಿತ್ತು. ಗೋಡೆ ಬೆವರುತ್ತಿತ್ತು. ಬೆಚ್ಚಗಿದೆ ಎಂದು ನಾನು ಸಂತೋಷಪಟ್ಟೆ. ಮೂರನೇ ವಾರ ಒಂದು ಮಧ್ಯಾಹ್ನ ಅಂಚೆಯಣ್ಣ ಸುಮ್ಮನೆ ನಿಂತಿದ್ದಾಗ ನೋಡಿದೆ, ಉಸಿರಾಡುವಾಗಲೆಲ್ಲ ಬಾಲ ಸ್ವಲ್ಪ ಸ್ವಲ್ಪವೇ ಮೇಲೆ ಕೆಳಗೆ ಆಡುತ್ತಿತ್ತು. ಮೀನು ಮಾಮೂಲಿನಂತೆ ತಿಂದಿತ್ತು. ನಡಿಗೆ ಸರಿಯಿತ್ತು. ಬಾಲ ಮಾತ್ರ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಅದು ಬಚ್ಚಿಟ್ಟದ್ದನ್ನು ನಾನು ಕಂಡುಹಿಡಿದಿದ್ದೆ. ಅಣ್ಣ ಕಲಿಸಿದ ವಿದ್ಯೆ ಕೊನೆಗೂ ಕೈಗೆ ಹತ್ತಿತ್ತು.

ಆಗಲೇ ಓಡಿಹೋಗಿ ಅವರಿಗೆ ಹೇಳಬೇಕಿತ್ತು. ಹೇಳಿದರೆ ಅವರು ಮೊದಲು ನೋಡುವುದು ಕಿಟಕಿಯನ್ನು. ಹೇಳಲಿಲ್ಲ. ಹಗಲು ಹೊತ್ತು ಕಿಟಕಿ ತೆರೆದಿರುತ್ತದಲ್ಲ, ಅದರಿಂದಲೇ ಎದೆಗೆ ಶೀತ ಆಗಿದೆ ಎಂದು ನಾನೇ ತೀರ್ಮಾನಿಸಿ, ನಾನೇ ವೈದ್ಯ ಮಾಡಿದೆ. ನನ್ನ ಉಣ್ಣೆಯ ಸ್ಕಾರ್ಫನ್ನು ಮಡಚಿ, ಹುಲ್ಲಿನ ಹಿಂದೆ ಯಾರಿಗೂ ಕಾಣದ ಆ ಕೆಳಗಿನ ಜಾಲರಿಗೆ ತುರುಕಿದೆ. ಮರುದಿನ ಸಂಜೆ ಬಾತುಕೋಳಿ ಕೊಬ್ಬಿಗೆ ನಮ್ಮ ಮಾವ ಮನೆಯಲ್ಲೇ ಇಳಿಸುವ ಹಣ್ಣಿನ ಸಾರಾಯಿ, ರಾಕಿಯ, ಬೆರೆಸಿ ಅಂಚೆಯಣ್ಣನ ಎದೆಗೆ ತಿಕ್ಕಿದೆ, ನನ್ನ ಮಕ್ಕಳಿಗೆ ತಿಕ್ಕುತ್ತಿದ್ದ ಹಾಗೆ. ಆ ರಾಕಿಯ ಎಂಥದ್ದೆಂದರೆ, ಅದರ ಬಾಟಲಿ ಇಟ್ಟ ಕಪಾಟಿನಲ್ಲಿ ಜೇಡ ಬಲೆ ಕಟ್ಟುವಾಗ ಅಡ್ಡಾದಿಡ್ಡಿ ಕಟ್ಟುತ್ತದೆ. ಅಂಚೆಯಣ್ಣ ಒಂದು ಸಲ ತೇಗಿ, ಬಿಲ್ ಕೊಡಿ ಎನ್ನುವವನ ಹಾಗೆ ನನ್ನ ಕಡೆ ನೋಡಿತು.

ಇಲ್ಲಿ ಯಾವಾಗಲೂ ನೀವು ಚಪ್ಪಾಳೆ ತಟ್ಟುತ್ತೀರಿ. ಆಮೇಲೆ ನಾನು, ಅಂಚೆಯಣ್ಣ ಎರಡು ದಿನ ಹಳೇ ಸೈನಿಕರ ಹಾಡು ಹಾಡಿತು, ವಯಸ್ಸಾಗಿತ್ತು, ತೃಪ್ತಿಯಿಂದ ಕಣ್ಣು ಮುಚ್ಚಿತು ಎಂದು ಮುಗಿಸುತ್ತೇನೆ. ಅದು ಹೇಗೆ ಸತ್ತಿತೆಂದು ಹಳಬರಿಗೆಲ್ಲ ಗೊತ್ತು. ಅಣ್ಣ ಎದುರಿಗೆ ಕೂತಿರುತ್ತಾರೆಂದು ಯಾರೂ ಬಾಯಿ ಬಿಡುವುದಿಲ್ಲ. ಅವರು ತಪ್ಪು ಮಾಡಿದರೆಂದು ನೀವೆಲ್ಲ ತಿಳಿದಿದ್ದೀರಿ. ಅದಕ್ಕಿಂತ ಕೆಟ್ಟದ್ದು, ಅವರೂ ಹಾಗೆಯೇ ತಿಳಿದಿದ್ದಾರೆ.

ಅದು ಸತ್ತ ದಿನ ಬೆಳಿಗ್ಗೆ ಸೇತುವೆಯ ಮೇಲೆ ಟ್ರ್ಯಾಕ್ಟರ್ ಅಡ್ಡ ನಿಂತು ನನ್ನ ಬಸ್ಸು ಮುಕ್ಕಾಲು ಗಂಟೆ ತಡವಾಯಿತು. ಬಂದಾಗ ಹಕ್ಕಿ ಮನೆಯ ಬಾಗಿಲು ತೆರೆದಿತ್ತು. ಅಣ್ಣ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಮುಂದೆ ಹುಲ್ಲಿನ ಮೇಲೆ ಅಂಚೆಯಣ್ಣ, ರೆಕ್ಕೆ ಅರ್ಧ ಬಿಚ್ಚಿಕೊಂಡು. ಎಂದೂ ಯಾವ ಪ್ರಾಣಿಯನ್ನೂ ಕಾರಣವಿಲ್ಲದೆ ಮುಟ್ಟದವರು ಅವರು. ಅವತ್ತು ಕೊಕ್ಕಿನ ಮೇಲೆ ಕೈ ಇಟ್ಟುಕೊಂಡಿದ್ದರು. ಮೇಲೆ ಕಿಟಕಿ ಮುಚ್ಚಿತ್ತು.

"ತಂಗಿ," ಅಂದರು, "ನಿನ್ನೆ ಹೋಗುವಾಗ ನಾನು ಕಿಟಕಿ ಮುಚ್ಚಿದ್ನಾ? ನೋಡಿದ್ಯಾ ನೀನು?"

ನಾನು ಊರಿಗೇ ಹೆಸರಾದ ಸುಳ್ಳಿ. ಕತ್ತೆಗೆ ರೆಕ್ಕೆ ಕಟ್ಟಿ ನಿಮ್ಮನ್ನೆಲ್ಲ ನಂಬಿಸಿದವಳು. ಆದರೆ ನನ್ನ ಜೀವನದಲ್ಲಿ ನಾನು ಹೇಳಿದ ಅತಿ ದೊಡ್ಡ ಸುಳ್ಳಿಗೆ ಅಲಂಕಾರವೇ ಇರಲಿಲ್ಲ.

"ನೋಡ್ಲಿಲ್ಲ ಅಣ್ಣ," ಅಂದೆ.

ಅವರು ತಲೆಯಾಡಿಸಿದರು. "ತೆರೆದೇ ಇತ್ತು ಅಂದ್ಕೊಂಡಿದ್ದೆ," ಅಂದರು. ಡಾಕ್ಟರಿಗೆ ಫೋನ್ ಮಾಡಲು ಎದ್ದು ಹೋದರು. ಅವರು ಆಚೆ ಹೋದ ಕೂಡಲೇ ನಾನು ಹುಲ್ಲಿನ ಹಿಂದೆ ಕೈ ಹಾಕಿ ಜಾಲರಿಯಿಂದ ಸ್ಕಾರ್ಫ್ ಎಳೆದೆ. ಎಲ್ಲಿಡಲಿ? ಬಾಗಿಲ ಬಳಿ ಹೆಜ್ಜೆ ಸದ್ದಾಯಿತು. ಕುತ್ತಿಗೆಗೆ ಸುತ್ತಿಕೊಂಡುಬಿಟ್ಟೆ. ಒದ್ದೆಯಾಗಿತ್ತು, ಕೊಳೆತ ಹುಲ್ಲಿನ ವಾಸನೆ ಬರುತ್ತಿತ್ತು. ಅಣ್ಣ ಒಳಗೆ ಬಂದು ನನ್ನನ್ನು ನೋಡಿ ಏನೆಂದರು ಗೊತ್ತೇ?

"ಒಳ್ಳೇದು ಮಾಡ್ದೆ. ಸುತ್ಕೊಂಡಿರು, ಥಂಡಿ ಇದೆ."

ಮಧ್ಯಾಹ್ನ ಡಾಕ್ಟರಮ್ಮ ಕೊಯ್ದು ನೋಡಿದರು. ಶ್ವಾಸದ ಚೀಲಗಳ ತುಂಬ ಹಸಿರು ಬೂಷ್ಟು, ಮರೆತ ಬ್ರೆಡ್ಡಿನ ಮೇಲೆ ಬರುತ್ತದಲ್ಲ, ಹಾಗೆ. "ಇದು ಒಂದೆರಡು ದಿನದ್ದಲ್ಲ," ಅಂದರು ಅವರು. "ವಾರಗಟ್ಟಲೆ ಗಾಳಿ ಆಡಿಲ್ಲ ಆ ಮನೇಲಿ. ಒದ್ದೆ ಹುಲ್ಲು, ಮುಚ್ಚಿದ ಕಿಟಕಿ, ಹಕ್ಕಿಗೆ ಇದಕ್ಕಿಂತ ವಿಷ ಬೇಡ. ಗ್ವೋಜ್ದೆನ್, ನೀವೇ ಎಲ್ಲರಿಗೂ ಪಾಠ ಹೇಳೋರು, ನಿಮ್ಮ ಹಕ್ಕಿ ಮನೇಲೇ ಹೀಗಾ?"

ಅಣ್ಣ ಜಗಳ ಮಾಡುತ್ತಾರೆ, ತೆರೆದಿತ್ತು ಎಂದು ಮೇಜು ಗುದ್ದುತ್ತಾರೆ ಎಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಇಲ್ಲ, ಹೇಳುತ್ತಿರಲಿಲ್ಲ. ಮೊಣಕಾಲಿನ ಆಣೆ ಇಟ್ಟಿದ್ದೇನಲ್ಲ.

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಹಾಗಾದ್ರೆ ದಿನಾ ಮುಚ್ಚಿದೀನಿ. ಮುಚ್ಚಿದ್ದೂ ನೆನಪಿಲ್ಲ, ತೆರೆದದ್ದೂ ನೆನಪಿಲ್ಲ," ಅಂದರು. ಟೋಪಿಯ ಅಂಚು ತಿರುಗಿಸುತ್ತಾ, "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಒಲೆ ಮೇಲೆ ಹಾಲಿಟ್ಟು, ಯಾರಿಟ್ರು ಅಂತ ನಮ್ಮನ್ನೇ ಕೇಳೋಳು," ಅಂದರು.

ನಾನು ಪಕ್ಕದಲ್ಲಿ ನಿಂತಿದ್ದೆ. ಸ್ಕಾರ್ಫ್ ಕುತ್ತಿಗೆಯಲ್ಲಿತ್ತು.

ಅವರಿಗೆ ಯಾರೂ ಶಿಕ್ಷೆ ಕೊಡಲಿಲ್ಲ. ತಾವೇ ನಿರ್ದೇಶಕರ ಹತ್ತಿರ ಹೋಗಿ ಆಡು, ಕತ್ತೆಗಳ ಕೆಲಸ ಕೇಳಿ ಹಾಕಿಸಿಕೊಂಡರು. "ನನ್ನ ಮರೆವಿಗೆ ಆಡು ಸಾಯಲ್ಲ. ಊಟ ಮರೆತ್ರೆ ಅದೇ ಬಂದು ಗುದ್ದತ್ತೆ," ಅಂದರಂತೆ. ಹಕ್ಕಿ ಮನೆ ಯಾರಿಗೆ ಬಂತು ಎಂದು ಹೊಸಬರು ಕೇಳಬಹುದು. ನನಗೆ. ಇವತ್ತು ನಾನೇ ಅಲ್ಲಿಯ ಯಜಮಾನತಿ. ಕಿಟಕಿ ಗೇಣುದ್ದ ತೆರೆದಿರಲೇಬೇಕು ಎಂದು ಎಲ್ಲರಿಗೂ ಬೈಯುತ್ತೇನೆ. ಬಹಳ ಕಟ್ಟುನಿಟ್ಟು ಎಂದು ಹೆಸರು ಬೇರೆ.

ಅಣ್ಣ ಅದಾದ ಮೇಲೆ ಕಾರು ಓಡಿಸಲಿಲ್ಲ. ಮೊಮ್ಮಗಳನ್ನು ನದಿಗೆ ಮೀನು ಹಿಡಿಯಲು ಒಬ್ಬರೇ ಕರೆದುಕೊಂಡು ಹೋಗುವುದನ್ನು ಬಿಟ್ಟರು. ಅವಳನ್ನು ದಡದಲ್ಲಿ ಕೂರಿಸಿ ಮರೆತು ಬಂದರೆ ಎಂದು ಭಯ. ಪೇಟೆಯ ನರರೋಗದ ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಆ ಡಾಕ್ಟರಿಗೆ ಗೊತ್ತಾಗಿಲ್ಲ, ಹೆಜ್ಜಾರ್ಲೆಗೆ ಗೊತ್ತಾಯಿತು ಎಂದು ಇವರು ನಕ್ಕರು.

ಅವರ ಅಂಗಿಯ ಜೇಬಿನಲ್ಲಿ ಹಸಿರು ರಟ್ಟಿನ ಪುಸ್ತಕ ಕಾಣುತ್ತಿದೆಯಲ್ಲ? ಅದನ್ನು ನೋಡಿ ನೀವು ತಮಾಷೆ ಮಾಡುತ್ತೀರಿ, ಪ್ರೇಮಪತ್ರ ಬರೆಯುತ್ತಾರೆ ಎಂದು. ಅದರಲ್ಲಿ ಇರುವುದು ಇಷ್ಟೇ. ಆಡಿನ ಗೇಟು ಹಾಕಿದೆ. ಎಳೆದು ನೋಡಿದೆ. ಕತ್ತೆ ಮನೆಯ ಕಿಟಕಿ ತೆರೆದಿದೆ. ಎರಡು ಸಲ ನೋಡಿದೆ. ದಿನಕ್ಕೊಂದು ಪುಟ, ಏಳು ವರ್ಷ, ಒಂದು ಮುಗಿದರೆ ಇನ್ನೊಂದು ಪುಸ್ತಕ. ಮೊದಲ ವಾರವೇ ಅಂಥದೊಂದು ಪುಸ್ತಕ ತಂದು ನನ್ನ ಮುಂದೆ ಹಿಡಿದರು.

"ನೀನೊಂದ್ಸಲ ನೋಡ್ಬಿಟ್ಟು ಗುರುತು ಹಾಕು ತಂಗಿ. ನನ್ನನ್ನ ನಾನೇ ನಂಬಲ್ಲ ಈಗ."

"ಯಾಕಣ್ಣ, ಬೇಡ ಬಿಡಿ."

"ಹಾಕು. ನಿನ್ನ ಕಣ್ಣು ಚುರುಕು."

ಹಾಕಿದೆ. ಪ್ರತಿದಿನ ಮೂರು ಗಂಟೆಗೆ ಮುಂಚೆ ಅವರು ಬಂದು ನಿಲ್ಲುತ್ತಾರೆ, ನಾನು ಹೋಗಿ ಗೇಟು ಎಳೆದು ನೋಡಿದ ಶಾಸ್ತ್ರ ಮಾಡಿ ಗುರುತು ಹಾಕುತ್ತೇನೆ. ಏಳು ವರ್ಷದಲ್ಲಿ ಒಂದೇ ಒಂದು ಬೀಗ ತಪ್ಪಿಲ್ಲ. ನಿನ್ನೆಯೂ ತಪ್ಪಿರಲಿಲ್ಲ. ನಿನ್ನೆ ಗುರುತು ಹಾಕಿದಾಗ, "ನೀನಿಲ್ದೆ ಮನೇಲಿ ಏನ್ಮಾಡ್ಲೋ," ಅಂದರು.

ಗ್ವೋಜ್ದೆನ್ ಅಣ್ಣ, ನಿಮ್ಮ ತಲೆ ನೆಟ್ಟಗಿದೆ. ಅವತ್ತೂ ನೆಟ್ಟಗಿತ್ತು. ಮೂರು ಗಂಟೆಗೆ ನೀವು ಹೋದಾಗ ಕಿಟಕಿ ತೆರೆದೇ ಇತ್ತು. ಮುಚ್ಚಿದವಳು ನಾನು.

ಯಾಕೆ ಎಲ್ಲ ಚಮಚ ಕೆಳಗಿಟ್ಟಿರಿ?

"ಡೊಬ್ರಿಲಾ, ಇದೂ ಕಥೇನೇ ತಾನೆ?" ಅನ್ನುತ್ತಾಳೆ ವಿದೋಸಾವ. "ಕಥೆ ಅಂತ ಹೇಳ್ಬಿಡೇ."

ಇನ್ಸ್‌ಪೆಕ್ಟರರ ಫೋನಿನದು ಕಥೆ. ಅವರು ಫೋನೇ ತಂದಿರಲಿಲ್ಲ. ಇದು ಕಥೆಯಲ್ಲ. ನಾನು ಮೊದಲ ವರ್ಷವೇ ಹೇಳಬೇಕೆಂದಿದ್ದೆ. ಈಸ್ಟರಿಗೆ ಹೇಳೋಣ ಅಂದುಕೊಂಡೆ, ನೀವು ಹಬ್ಬಕ್ಕೆಂದು ಕೆಂಪು ಬಣ್ಣ ಹಚ್ಚಿದ ಮೊಟ್ಟೆ ತಂದುಕೊಟ್ಟಿರಿ. ನಿಮ್ಮ ಮನೆಯ ಹಬ್ಬಕ್ಕೆ ಬಂದಾಗ ಹೇಳೋಣ ಅಂದುಕೊಂಡೆ, ನಿಮ್ಮ ಮನೆಯವರು ನನ್ನನ್ನು ಗಾಳಿ ತಾಗದ ಕಡೆ ಕೂರಿಸಿ ಮಾಂಸದ ದೊಡ್ಡ ತುಂಡು ಬಡಿಸಿದರು. ಒಂದು ವರ್ಷ ತಡವಾದದ್ದನ್ನು ಎರಡನೇ ವರ್ಷ ಹೇಳುವುದು ಇನ್ನೂ ಕಷ್ಟ. ಅದಕ್ಕೇ ನಗಿಸುತ್ತಾ ಬಂದೆ. ನೀವು ನಗುವಾಗ ನನಗೆ ಸ್ವಲ್ಪ…

ಅಣ್ಣ, ಅದೇಕೆ ಪುಸ್ತಕ ತೆಗೆದಿರಿ? ಇವತ್ತಿನ ಪುಟಕ್ಕೆ ನಾನಿನ್ನೂ ಗುರುತು ಹಾಕಿಲ್ಲ. ನನ್ನ ತಟ್ಟೆಯ ಪಕ್ಕ ಇಡಬೇಡಿ, ಸಾರು ಚೆಲ್ಲಿದೆ, ಒದ್ದೆಯಾಗುತ್ತದೆ.

ಸರಿ, ಇಟ್ಟರು.

ಕಿಟಕಿ ಯಾಕೆ ತೆರೆಯುತ್ತಿದ್ದೀರಿ? ಪೂರ್ತಿ ತೆರೆದುಬಿಟ್ಟರಲ್ಲ, ಕಿಟಕಿಯ ಎರಡೂ ಕದ.

"ಅಯ್ಯಯ್ಯೋ ಗ್ವೋಜ್ದೆನ್, ಆ ಕಡೆ ಬಾಗಿಲು ತೆರೀಬೇಡಿ, ಅಡ್ಡಗಾಳಿ!" ಎಂದು ವಿದೋಸಾವ ಏಪ್ರನ್ನಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಾಳೆ. ಟಿಕೆಟಿನವರೂ ಕಾಲರ್ ಎತ್ತಿಕೊಂಡರು. ಅಣ್ಣ ಬಾಗಿಲೂ ತೆರೆದರು. ಟೋಪಿ ಹಾಕಿಕೊಂಡರು. ಅಣ್ಣ, ಬಾಗಿಲನ್ನಾದರೂ ಎಳೆದುಕೊಂಡು ಹೋಗಿ, ಇಲ್ಲ, ಬೇಡ, ತೆರೆದೇ ಇರಲಿ, ಯಾರೂ ಮುಚ್ಚಬೇಡಿ, ಆದರೆ ಒಂದು ನಿಮಿಷ ನಿಲ್ಲಿ, ಆ ಸ್ಕಾರ್ಫಿನ ವಿಷಯ ಇನ್ನೂ ಇದೆ, ಅದನ್ನು ನಾನು ತೊಳೆಯಲೂ ಇಲ್ಲ, ಬಿಸಾಕಲೂ ಇಲ್ಲ, ಏಳು ವರ್ಷದಿಂದ ನಮ್ಮ ಮನೆಯ…